ಉಸ್ತಾದರ ತಿರುಗುವ ಡ್ರಮ್ಮು

ಅವರ ಎಡಹುಬ್ಬು ಅರ್ಧಕ್ಕೇ ನಿಂತಿತ್ತು. ಉಳಿದರ್ಧದ ಜಾಗದಲ್ಲಿ ಸುಟ್ಟು ಗುಣವಾದ ಚರ್ಮ. ಎಂಟಾಣೆ ನಾಣ್ಯದಷ್ಟು ಅಗಲ, ಎಣ್ಣೆ ಸವರಿದಂಥ ಹೊಳಪು. ಸಿಟ್ಟು ಬಂದರೆ ಮುಖಕ್ಕಿಂತ ಮೊದಲು ಆ ಚರ್ಮ ಕೆಂಪಾಗುತ್ತಿತ್ತು. ಬೆಳಿಗ್ಗೆ ಬಸ್ಸಿಳಿದ ಕೂಡಲೇ ನಾವೆಲ್ಲ ಕಳ್ಳನೋಟದಲ್ಲಿ ಅವರ ಹುಬ್ಬು ನೋಡಿಕೊಳ್ಳುತ್ತಿದ್ದೆವು. ಕೆಂಪಗಿದ್ದರೆ ಆ ದಿನ ವರ್ಕ್‌ಶಾಪಿನ ಕಡೆ ಯಾರೂ ಸುಳಿಯುತ್ತಿರಲಿಲ್ಲ. ಕೆಂಪಗಿಲ್ಲದ ದಿನಗಳು ವಾರಕ್ಕೆ ಎರಡಿದ್ದರೆ ಹೆಚ್ಚು.

ಅಬುಧಾಬಿ ಪಟ್ಟಣದಿಂದ ಮುಕ್ಕಾಲು ಗಂಟೆಯ ದಾರಿಯಲ್ಲಿ, ಮರಳಿನ ನಡುವೆ ಇದ್ದ ಶೂಟಿಂಗ್ ಕ್ಲಬ್ಬು ಅದು. ದುಡ್ಡಿದ್ದವರು ಬಂದು ಗುರಿ ಹೊಡೆಯುತ್ತಿದ್ದರು. ಮದುವೆಗೆ, ಹಬ್ಬಕ್ಕೆ ಸಲಾಮಿ, ಅಂದರೆ ಗೌರವದ ಗುಂಡು, ಹಾರಿಸುವ ತಂಡವೂ ಅಲ್ಲೇ ತಾಲೀಮು ಮಾಡುತ್ತಿತ್ತು. ಬಂದೂಕುಗಳ ರಿಪೇರಿ ಅವರದು. ಭಾರತದ ಸೈನ್ಯದಲ್ಲಿ ಇಪ್ಪತ್ತು ವರ್ಷ ಅದೇ ಕೆಲಸ ಮಾಡಿ ನಿವೃತ್ತರಾಗಿ ಬಂದವರಾದ್ದರಿಂದ ಎಲ್ಲರ ಬಾಯಲ್ಲೂ ಅವರು ಉಸ್ತಾದ್. ಊರು ಬೆಳಗಾವಿ ಕಡೆ. ನಾನು ಅಲ್ಲಿ ಸ್ಟೋರ್ ಕೀಪರ್, ಮಂಗಳೂರಿನವಳು. ಮನೆಯಲ್ಲಿ ಕೊಂಕಣಿ, ಬಸ್ಸಿನಲ್ಲಿ ತುಳು, ಆಫೀಸಿನಲ್ಲಿ ಇಂಗ್ಲಿಷು-ಹಿಂದಿಯ ಕಲಬೆರಕೆ. ಕನ್ನಡವನ್ನು ಉಸ್ತಾದರಿಂದ ಬೈಸಿಕೊಳ್ಳುವುದಕ್ಕೆಂದೇ ಮೀಸಲಿಟ್ಟಿದ್ದೆ.

ಎಣ್ಣೆಯ ಬೆಲೆ ನೆಲಕಚ್ಚಿದ ವರ್ಷ ಅದು. ನನ್ನ ಗಂಡನ ಕಂಪನಿ ಒಂದೇ ದಿನದಲ್ಲಿ ಬಾಗಿಲು ಹಾಕಿತ್ತು. ಹಮ್ದಾನ್ ಸ್ಟ್ರೀಟಿನ ಹಿಂದಿನ ಕಟ್ಟಡದಲ್ಲಿ, ಇನ್ನೊಂದು ಕುಟುಂಬದ ಜೊತೆ ಹಂಚಿಕೊಂಡ ಫ್ಲಾಟಿನ ಒಂದು ಕೋಣೆಯಲ್ಲಿ ನಾವು ನಾಲ್ಕು ಜನ. ಹೆಣ್ಣುಮಕ್ಕಳಿಬ್ಬರ ಶಾಲೆ, ನಮ್ಮ ಅನ್ನ, ನಾವು ಆ ದೇಶದಲ್ಲಿ ಉಳಿಯುವುದು, ಎಲ್ಲವೂ ನನ್ನ ಒಬ್ಬಳ ಕೆಲಸದ ಮೇಲೆ ನಿಂತಿತ್ತು. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಮಾಡಿದ್ದಕ್ಕೆ ಇದು ಕಾರಣ. ಸಮರ್ಥನೆ ಅಂತ ನೀವು ತಿಳಿದರೆ ಅದು ನಿಮ್ಮ ದೊಡ್ಡತನ.

ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ಚಿಪ್ಪಿಗೆ ಉಸ್ತಾದರು ಖೋಖಾ ಎನ್ನುತ್ತಿದ್ದರು. ನಾವೂ ಹಾಗೇ ಕರೆಯತೊಡಗಿದ್ದೆವು. ದಿನಾ ಬಕೆಟ್ಟುಗಟ್ಟಲೆ ಖೋಖಾ ಗುಡಿಸಿ ತರುವವನು ಬಿಹಾರದ ಒಬ್ಬ ನಡುವಯಸ್ಸಿನ ಆಳು. ಮಾತು ಕಡಿಮೆ, ಎಲೆಅಡಿಕೆ ಜಾಸ್ತಿ. ಒಂದು ಮಧ್ಯಾಹ್ನ ಅವನು ಸುರಿದ ಬಕೆಟ್ಟಿನಲ್ಲಿ ಹಾರದೇ ಉಳಿದಿದ್ದ, ಮದ್ದು ಇನ್ನೂ ಒಳಗೇ ಇದ್ದ ಒಂದು ತೋಟಾ ಉಸ್ತಾದರ ಕೈಗೆ ಸಿಕ್ಕಿತು. ಹುಬ್ಬು ಕೆಂಪಾದದ್ದನ್ನು ನಾನು ಕಿಟಕಿಯಿಂದ ಕಂಡೆ. ಅವರು ಎದ್ದರು, ಆ ಆಳಿನ ಕೊರಳಪಟ್ಟಿ ಹಿಡಿದು ಗೋಡೆಗೆ ಒರಗಿಸಿದರು, ಎಡಕ್ಕೊಂದು ಬಲಕ್ಕೊಂದು ಬಾರಿಸಿದರು. ಅವನ ಬಾಯಿಂದ ಸುರಿದದ್ದು ಎಲೆಅಡಿಕೆಯೋ ರಕ್ತವೋ ಗೊತ್ತಾಗಲಿಲ್ಲ. ಅವನು ನೆಲಕ್ಕೆ ಕುಸಿದ ಮೇಲೂ ಪಕ್ಕೆಗೆ ಒದ್ದರು. ನಾನು ಓಡಿ ಹೋಗಿ ನಡುವೆ ನಿಂತೆ.

"ಎಂತ ಉಸ್ತಾದ್ರೆ ನೀವು? ಮನುಷ್ಯರಾ ಮೃಗವಾ? ಬಿಡಿ ಅವನನ್ನು!"

"ಬಾಯಾರ, ಅಡ್ಡ ಬರಬ್ಯಾಡ್ರಿ," ಎಂದರು. ಕೈಯಲ್ಲಿದ್ದ ತೋಟಾವನ್ನು ನನ್ನ ಮೂಗಿನ ಹತ್ತಿರ ಹಿಡಿದರು. "ಇದು ಕಸದಾಗ ಹೋಗಿತ್ತು. ಕಸದಿಂದ ಗುಜರಿಗೆ, ಗುಜರಿಯಿಂದ ಒಲೀಗೆ. ಒಲೀ ಮುಂದ ಕುಂತಾಂವ ಯಾರು? ಯಾರ ಮಗಾ? ಇಂವಗ ಗೊತ್ತೈತೇನು?"

ನನಗೆ ಅದೊಂದೂ ಬೇಡವಾಗಿತ್ತು. ಸಂಜೆಯೊಳಗೆ ಮ್ಯಾನೇಜರನ ಕೋಣೆಯಲ್ಲಿ ಕುಳಿತು ಉಸ್ತಾದರ ಮೇಲೆ ದೂರು ಬರೆದೆ. ಮ್ಯಾನೇಜರು ಮುಂಬೈ ಕಡೆಯವನು, ನಯವಾದ ಮಾತಿನವನು. ಯಾರಿಗೂ ಏರುದನಿಯಲ್ಲಿ ಗದರಿದವನಲ್ಲ, ಯಾರ ಜವಾಬ್ದಾರಿಯನ್ನೂ ಹೊತ್ತವನಲ್ಲ. ಅವನು ಶಬ್ದಗಳನ್ನು ಹೇಳಿಕೊಟ್ಟ, ನಾನು ಟೈಪ್ ಮಾಡಿದೆ: ಹಿಂಸೆಯ ಸ್ವಭಾವದವರು, ಜೊತೆಗಿರುವವರ ಪ್ರಾಣಕ್ಕೆ ಅಪಾಯ. ಸಹಿ ಹಾಕಿ ಕೊಟ್ಟೆ. ಕಾಗದ ಫೈಲಿಗೆ ಸೇರಿತು.

ಮರುದಿನವೇ ಉಸ್ತಾದರಿಗೆ ಸುದ್ದಿ ಮುಟ್ಟಿತ್ತು. ಸ್ಟೋರಿನ ಕೌಂಟರಿಗೆ ಬಂದು ನಿಂತರು. ಹುಬ್ಬು ನೋಡಿದೆ, ಬೆಳ್ಳಗಿತ್ತು.

"ನೀವು ಬರದದ್ದು ಖರೆ ಐತ್ರಿ ಬಾಯಾರ," ಎಂದರು. "ನಾ ಹೊಡದದ್ದೂ ಖರೇನಽ. ಖರೇ ಬರದವ್ರ ಮ್ಯಾಲೆ ನಂಗ ಸಿಟ್ಟಿಲ್ಲ. ಒಂದು ಪಾನಾ ಕೊಡ್ರಿ, ಹದಿನೇಳು ನಂಬರಿಂದು."

ಸ್ಪ್ಯಾನರು ಕೊಟ್ಟೆ. ಸಹಿ ಮಾಡಿ ತೆಗೆದುಕೊಂಡು ಹೋದರು. ಆ ಮೇಲೆ ನಮ್ಮಿಬ್ಬರಿಗೆ ಒಂಥರ ಬಳಕೆ ಬೆಳೆಯಿತು ಎಂದರೆ ಯಾರೂ ನಂಬಲಿಕ್ಕಿಲ್ಲ.

ಅದೇ ಚಳಿಗಾಲದ ಆರಂಭದಲ್ಲಿ ಕ್ಲಬ್ಬಿನ ಮಾಲಕರಿಗೆ ಒಂದು ಆಸೆ ಹುಟ್ಟಿತು. ಡಿಸೆಂಬರಿನ ರಾಷ್ಟ್ರೀಯ ದಿನಕ್ಕೆ ಮುಂಬಾಗಿಲಲ್ಲಿ ಆಳೆತ್ತರದ ದಲ್ಲಾ ನಿಲ್ಲಿಸಬೇಕು. ಅರಬರು ಕಾಫಿ ಬಗ್ಗಿಸುವ, ಕೊಕ್ಕಿನಂಥ ಬಾಯಿಯ ಹೂಜಿ ಅದು. ಮೈತುಂಬ ಖೋಖಾಗಳನ್ನೇ ಜೋಡಿಸಿ ಮಾಡಬೇಕು, ಅವು ಚಿನ್ನದ ಹಾಗೆ ಹೊಳೆಯಬೇಕು. ಸಾವಿರಾರು ಖೋಖಾ ಬೇಕಾಗಿತ್ತು, ಒಂದೊಂದೂ ಹೊಗೆ ಹಿಡಿದು ಕಪ್ಪಾಗಿತ್ತು. ತೊಳೆಯುವ ಯಂತ್ರ ಹೊರದೇಶದಿಂದ ಬರುವಷ್ಟರಲ್ಲಿ ಹಬ್ಬ ಮುಗಿದಿರುತ್ತದೆ ಎಂದು ಮ್ಯಾನೇಜರು ತಲೆಯ ಮೇಲೆ ಕೈ ಹೊತ್ತು ಕುಳಿತ.

"ನಾ ಮಾಡ್ತೇನಿ," ಎಂದರು ಉಸ್ತಾದರು.

ಅದನ್ನು ಕಟ್ಟಿದ ರೀತಿಯನ್ನು ನಾನು ಹತ್ತಿರದಿಂದ ಕಂಡೆ. ಮೋರಿಗೆ ಹಾಕುವ ದಪ್ಪ ಪಿವಿಸಿ ಪೈಪು, ಮೊಳಕ್ಕಿಂತ ಸ್ವಲ್ಪ ಉದ್ದ. ಒಂದು ತುದಿಗೆ ಅಂಟಿಸಿದ ಮುಚ್ಚಳ, ಇನ್ನೊಂದಕ್ಕೆ ರಬ್ಬರಿನ ಟೋಪಿ, ಅದಕ್ಕೆ ಬಿಗಿಯುವ ಕ್ಲಾಂಪು. ಒಳಗೆ ಉದ್ದಕ್ಕೆ ಮೂರು ಪಟ್ಟಿ; ಡ್ರಮ್ಮು ತಿರುಗುವಾಗ ಖೋಖಾಗಳನ್ನು ಎತ್ತಿ ಎತ್ತಿ ಬೀಳಿಸಲಿಕ್ಕೆ. ಕೆಳಗೆ ಎರಡು ಉಕ್ಕಿನ ಸಲಾಕೆ, ಅವಕ್ಕೆ ಜಾರದಂತೆ ರಬ್ಬರ್ ಪೈಪಿನ ಹೊದಿಕೆ, ನಾಲ್ಕು ಬೇರಿಂಗು. ಲೇಬರ್ ಕ್ಯಾಂಪಿನಲ್ಲಿ ಕೆಟ್ಟು ಬಿದ್ದಿದ್ದ ವಾಷಿಂಗ್ ಮಷೀನನ್ನು ಕೊಡಲಿಯಿಂದ ಸೀಳಿ ಅದರ ಮೋಟರು ಕಿತ್ತು ತಂದಿದ್ದರು. ಸ್ಕ್ರೂ ಬಿಚ್ಚಬಹುದಿತ್ತು. ಆದರೆ ಅವರಿಗೆ ಬಿಚ್ಚುವುದಕ್ಕಿಂತ ಒಡೆಯುವುದರಲ್ಲಿ ಸುಖ.

ಬೇರಿಂಗು ತರಲು ಒಂದು ಶುಕ್ರವಾರ ದುಬೈಯ ದೇರಾ ಪೇಟೆಗೆ ಹೋದೆವು. ಅಂಗಡಿಯವನು ಹಳೆಯ ಮಾಲಿಗೆ ಹೊಸ ಬಣ್ಣ ಹಚ್ಚಿ ಕೊಟ್ಟಿದ್ದನ್ನು ಉಸ್ತಾದರು ಬೆರಳಲ್ಲಿ ಒಮ್ಮೆ ತಿರುಗಿಸಿ ಕಂಡುಹಿಡಿದರು, ಅವನ ಗಾಜಿನ ಕೌಂಟರಿನ ಮೇಲೆ ಅದನ್ನೇ ಕುಟ್ಟಿ ಗಾಜನ್ನು ಬಿರುಕು ಬಿಡಿಸಿದರು. ನಾನು ಅವರ ತೋಳು ಹಿಡಿದು ರಸ್ತೆಗೆ ಎಳೆದು ತಂದೆ. ಆಮೇಲೆ ಅಬ್ರಾ ದೋಣಿ ಹತ್ತಿ ಬರ್ ದುಬೈಗೆ ದಾಟಿ, ದೇವಸ್ಥಾನದ ಓಣಿಯಲ್ಲಿ ಅವರು ಹೂವು ತೆಗೆದುಕೊಂಡರು. ಅರ್ಧ ಗಂಟೆ ಹಿಂದೆ ಒಬ್ಬನ ಕೌಂಟರು ಒಡೆದ ಕೈಗಳು ಮಲ್ಲಿಗೆಯ ದಂಡೆಯನ್ನು ಬಾಡದ ಹಾಗೆ ಹಿಡಿದುಕೊಂಡಿದ್ದವು.

ಡ್ರಮ್ಮಿನೊಳಗೆ ಉಜ್ಜಲು ಸ್ಟೀಲಿನ ಸಣ್ಣ ಕಡ್ಡಿಗಳು ಬೇಕು. ವೆಲ್ಡಿಂಗಿನ ಸ್ಟೀಲ್ ತಂತಿಯನ್ನು ಗೋಧಿಕಾಳಿನ ಉದ್ದಕ್ಕೆ ಕತ್ತರಿಸುತ್ತ ನಾವಿಬ್ಬರೂ ಐದಾರು ದಿನ ಕುಳಿತೆವು. ಟಕ್ ಟಕ್ ಎಂದು ಕತ್ತರಿಸಿದ ಕಡ್ಡಿಗಳು ಕೆನ್ನೆಗೆ, ಕೊರಳಿಗೆ ಸಿಡಿದು ಚುಚ್ಚುತ್ತಿದ್ದವು. ಆಗಲೇ ಒಂದು ದಿನ ನಾನು ಅವರ ಹುಬ್ಬಿನ ಬಗ್ಗೆ ಕೇಳಿದೆ.

ಕೈ ನಿಲ್ಲಿಸದೆ ಹೇಳಿದರು. ಊರ ಹತ್ತಿರ ಸೈನಿಕರು ಗುರಿ ಹೊಡೆದು ಕಲಿಯುವ ಬಯಲಿತ್ತಂತೆ. ಅವರ ಅಣ್ಣ ಅಲ್ಲಿ ಖೋಖಾ ಆರಿಸಿ, ಹಿತ್ತಾಳೆ ಪಾತ್ರೆ ಮಾಡುವ ಬೋಗಾರರಿಗೆ ಮಾರುತ್ತಿದ್ದ. ಒಂದು ದಿನ ಅಣ್ಣತಮ್ಮ ಇಬ್ಬರೂ ನೋಡುತ್ತ ನಿಂತಿದ್ದಾಗ, ಬೋಗಾರರ ಕುಲುಮೆಗೆ ಸುರಿದ ಮಾಲಿನಲ್ಲಿದ್ದ ಹಾರದ ತೋಟಾ ಒಂದು ಸಿಡಿಯಿತು.

"ಅಣ್ಣನ ಕುತಗಿಗೆ ಬಡೀತು. ನನಗ ಇಷ್ಟಽ," ಎಂದು ಹುಬ್ಬು ಮುಟ್ಟಿಕೊಂಡರು. "ಅಂವಾ ಮಾತಾಡಾಕ ಬಾಯಿ ತಗದ್ರ ಬರೇ ರಕ್ತ. ತಾಸಾತು ಜೀವಾ ಹೋಗಾಕ. ಬೋಗಾರನ್ನ ನಮ್ಮಪ್ಪ ಅರ್ಧಾ ಕೊಂದಽ ಹಾಕಿದ್ದ. ತಪ್ಪು ಅವಂದಲ್ಲ. ಆದ್ರ ಯಾರ್ನರೆ ಹೊಡೀಬೇಕಾಗಿತ್ತಲ್ರಿ."

"ಹಾಗಿದ್ದೂ ನೀವು ಬಂದೂಕಿನ ಕೆಲಸಕ್ಕೆ ಸೇರಿದ್ದು ಎಂತಕ್ಕೆ?"

"ವೈರೀ ಮನಿಯಾಗಽ ಹೊಕ್ಕು ಕುಂತ್ರ ಅವನ ಎಲ್ಲಾ ಕಸಬು ಗೊತ್ತಾಗ್ತಾವ," ಎಂದರು.

ಅಂದಿನಿಂದ ಅವರು ಖೋಖಾ ಪರೀಕ್ಷಿಸುವುದನ್ನು ನಾನು ಬೇರೆ ಕಣ್ಣಿಂದ ನೋಡಿದೆ. ಒಂದೊಂದನ್ನೂ ಅಂಗೈಯಲ್ಲಿ ತೂಗುವರು, ಬಾಯಿ ನೋಡುವರು, ಬಲಗಿವಿಯ ಹತ್ತಿರ ಅಲ್ಲಾಡಿಸುವರು. ಎಡಗಿವಿ ಸೈನ್ಯದಲ್ಲೇ ಕೆಟ್ಟಿತ್ತು. ನನಗೂ ಕಲಿಸಿದರು. "ಹಗುರಾದ್ರ ಗೆಳ್ಯಾ, ವಜ್ಜಾದ್ರ ವೈರಿ. ಅನುಮಾನ ಬಂತಂದ್ರ ನನ್ನ ಕೈಗೆ ಕೊಡ್ರಿ, ಇಟಗೊಳ್ಳಬ್ಯಾಡ್ರಿ." ಎಲ್ಲಕ್ಕಿಂತ ಹೆಚ್ಚು ಸಲಾಮಿ ತೋಟಾಗಳಿಗೆ ಹೆದರಬೇಕು ಎಂದರು. ಅವುಗಳಲ್ಲಿ ಗುಂಡು ಇರುವುದಿಲ್ಲ, ಮದ್ದು ಮಾತ್ರ. ಬಾಯಿಯನ್ನು ಕರ್ಜಿಕಾಯಿಯ ಅಂಚಿನ ಹಾಗೆ ಮಡಚಿ ಮುಚ್ಚಿರುತ್ತಾರೆ. ಹಾರಿದರೆ ಬಾಯಿ ಬಿರಿದುಕೊಳ್ಳುತ್ತದೆ. ಹಾರದಿದ್ದರೆ ನೋಡಲಿಕ್ಕೆ ಥೇಟ್ ಖಾಲಿ ಖೋಖಾ. ಇನ್ನೊಂದು ನಿಯಮ ವರ್ಕ್‌ಶಾಪಿನ ಗೋಡೆಗೆ ಕನ್ನಡ, ಹಿಂದಿ ಎರಡರಲ್ಲೂ ಬಣ್ಣದಲ್ಲಿ ಬರೆದಿದ್ದರು: ತೊಳೆದದ್ದನ್ನು ಬಿಸಿಲಲ್ಲೇ ಒಣಗಿಸಬೇಕು, ಬೆಂಕಿ ತೋರಿಸಬಾರದು.

ಮೊದಲ ಓಟದಲ್ಲಿ ಡ್ರಮ್ಮು ಸಲಾಕೆಗಳ ಮೇಲೆ ತೆವಳುತ್ತ ತೆವಳುತ್ತ ಹೋಗಿ ತುದಿಯಿಂದ ಜಿಗಿಯಿತು. ರಬ್ಬರ್ ಟೋಪಿ ಹಾರಿ, ಕಪ್ಪು ನೀರು, ಸೋಪಿನ ನೊರೆ, ಖೋಖಾ, ಕಡ್ಡಿ ಎಲ್ಲ ನೆಲದ ತುಂಬ. ಉಸ್ತಾದರು ಸುತ್ತಿಗೆ ತೆಗೆದುಕೊಂಡು ಆ ಡ್ರಮ್ಮಿಗೆ ಹಾಕಿ ಬಡಿದರು ನೋಡಿ, ಶತ್ರುದೇಶದ ಸೈನಿಕ ಸಿಕ್ಕಿದ್ದರೂ ಅಷ್ಟು ಬಡಿಯುತ್ತಿರಲಿಲ್ಲವೇನೋ. ಅದು ಚೂರಾದ ಮೇಲೆ ಬೆವರೊರೆಸಿಕೊಂಡು, "ಅಂಚಿಗೆ ಒಂದೊಂದು ತಡೀ ಇಡಬೇಕಾಗಿತ್ತು," ಎಂದು ಶಾಂತವಾಗಿ ಹೇಳಿ ಎರಡನೆಯದನ್ನು ಕಟ್ಟಲು ಕುಳಿತರು.

ಎರಡನೆಯದು ಓಡಿತು. ಗುಡುಗುಡು ಎಂದು ದಿನವಿಡೀ ಓಡಿತು. ಆದರೆ ಹಿತ್ತಾಳೆ ಬೆಳ್ಳಗಾಯಿತೇ ಹೊರತು ಹೊಳೆಯಲಿಲ್ಲ. ನಿಂಬೆಉಪ್ಪು ಹಾಕಿದರು, ಒಂದಿಷ್ಟು ಖೋಖಾ ತಾಮ್ರದ ಹಾಗೆ ಕೆಂಪಾಗಿ ಕೆಟ್ಟವು. ಆಗ ನಾನು ಬಾಯಿ ಹಾಕಿದೆ. ನಮ್ಮ ಮನೆಯಲ್ಲಿ ತೆನೆ ಹಬ್ಬಕ್ಕೆ ಮೊದಲು ಆಲ್ತಾರಿನ, ಅಂದರೆ ಮನೆಯ ಏಸುಪೀಠದ, ಹಿತ್ತಾಳೆ ಮೇಣದಬತ್ತಿ ಕಂಬಗಳನ್ನು ಅಮ್ಮ ಹುಣಸೆಹುಳಿ ಹಚ್ಚಿ ತಿಕ್ಕುತ್ತಿದ್ದಳು.

"ಹುಳಿ ಹಾಕಿ ನೋಡುವ ಉಸ್ತಾದ್ರೆ."

"ಹುಣಸೀಹಣ್ಣ? ಇದೇನು ಸಾರು ಮಾಡೂ ಮಷೀನೇನ್ರಿ?" ಎಂದು ರೇಗಿದರು. ಆಮೇಲೆ ಸ್ವಲ್ಪ ಯೋಚಿಸಿ, "ನಮ್ಮಾಕೀನೂ ಸಮಯೀ ದೀಪಕ್ಕ ಅದನ್ನಽ ಹಚ್ತಾಳ," ಎಂದರು.

ಹುಳಿ ಹಾಕಿದ ಮೊದಲ ಡ್ರಮ್ಮು ತೆರೆದಾಗ ಬಿಹಾರದ ಆಳು 'ಅರೆ ಬಾಪ್ ರೇ' ಎಂದು ಹಿಂದೆ ಸರಿದ. ಅಷ್ಟು ಹೊಳಪು. ತೊಂದರೆ ಒಂದೇ, ನಾರು ಬೀಜ ಗಸಿ ಎಲ್ಲ ಖೋಖಾಗಳ ಬಾಯಿಯಲ್ಲಿ ಗಟ್ಟಿಯಾಗಿ ಕೂತಿದ್ದವು. ತೂಗಿದರೆ ವಜ್ಜ, ನೋಡಿದರೆ ಬಾಯಿ ಮುಚ್ಚಿದೆ. ಉಸ್ತಾದರು ಒಂದೊಂದನ್ನೂ ಮೊಳೆಯಿಂದ ಕೆರೆದು ಮತ್ತೆ ಪರೀಕ್ಷೆ ಮಾಡಿ ಮುಗಿಸಲು ಎರಡು ದಿನ ಹಿಡಿಯಿತು. ನನ್ನ ಮುಂದೆ ಬಂದು ಬೆರಳು ಅಲ್ಲಾಡಿಸಿದರು.

"ಇನ್ನ ಮ್ಯಾಲೆ ನೆನಿಸಿ, ಕಿವುಚಿ, ಅರಿವ್ಯಾಗ ಸೋಸಿ ನೀರು ಅಷ್ಟಽ ಹಾಕಬೇಕು. ಗಸಿ ಒಳಗ ಹೋತಂದ್ರ ನನ್ನ ಕಣ್ಣು, ಕಿವಿ, ಕೈ ಮೂರೂ ಕುರುಡಾಕ್ಕಾವ. ತಿಳೀತಿಲ್ಲೋ?"

"ತಿಳೀತು ಮಾರಾಯ್ರೆ," ಎಂದೆ.

ಆ ದಿನಗಳಲ್ಲೇ ಒಂದು ಶುಕ್ರವಾರ ಅವರನ್ನು ಊಟಕ್ಕೆ ಕರೆದಿದ್ದೆ. ನನ್ನ ಗಂಡ ಮುಖ ಸಣ್ಣದು ಮಾಡಿಕೊಂಡು ಮೂಲೆಯಲ್ಲಿ ಕುಳಿತಿದ್ದ. ಮಕ್ಕಳು ಎಂದಿನಂತೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಾಗ ಉಸ್ತಾದರು, "ಕನ್ನಡ ಮಾತಾಡ್ರಿ, ಇಲ್ಲಾಂದ್ರ ಕಿವಿ ಹರದು ಉಪ್ಪಿನಕಾಯಿ ಹಾಕ್ತೇನಿ," ಎಂದು ಗುಡುಗಿದರು. ಅಂಥ ಬೆದರಿಕೆಯನ್ನೇ ಅವು ಎಂದೂ ಕೇಳಿರಲಿಲ್ಲ. ಕಿರಿಯವಳು ಕಿರುಚಿಕೊಂಡು ಓಡಿ, ಮರುಕ್ಷಣ ನಗುತ್ತ ಬಂದು ಅವರ ಮಗ್ಗುಲಲ್ಲೇ ಕುಳಿತಳು. ಹೊರಡುವಾಗ ಬಾಗಿಲಲ್ಲಿ, "ಮನಿ ನಿಮ್ಮ ಮ್ಯಾಲೆ ನಿಂತೈತಿ ಅಂದಂಗಾತು," ಎಂದರು. ನಾನು ತಲೆಯಾಡಿಸಿದೆ. ಅಷ್ಟೇ ಮಾತು.

ಹಬ್ಬಕ್ಕೆ ನಾಲ್ಕು ದಿನ ಇರುವಾಗ ಮಂಜು ಇಳಿಯಿತು. ಆ ದೇಶದ ಮಂಜನ್ನು ಕಂಡವರಿಗೆ ಗೊತ್ತು, ಎದುರಿನ ಕಾರು ಡಿಕ್ಕಿ ಹೊಡೆದ ಮೇಲೆಯೇ ಕಾಣುವುದು. ಮಧ್ಯಾಹ್ನದವರೆಗೂ ಬಿಸಿಲಿಲ್ಲ. ತಗಡಿನ ಮೇಲೆ ಹರವಿದ ಖೋಖಾಗಳು ಒಣಗದೆ ಕಲೆ ಹಿಡಿಯತೊಡಗಿದವು. ಮೂರನೆಯ ದಿನ ಬೆಳಿಗ್ಗೆ ಉಸ್ತಾದರು ಬೇರೆ ಕಟ್ಟಡದಲ್ಲಿ ಸಲಾಮಿ ತಂಡದ ಬಂದೂಕುಗಳನ್ನು ನೋಡುತ್ತಿದ್ದರು. ಖೋಖಾ ಪರೀಕ್ಷಿಸುವುದೂ ಸೇರಿ ಕೊನೆಯ ಡ್ರಮ್ಮು ನನ್ನ ಪಾಲಿಗೆ ಬಂದಿತ್ತು. ಮ್ಯಾನೇಜರು ಹತ್ತು ನಿಮಿಷಕ್ಕೊಮ್ಮೆ ಬಂದು 'ಯಲ್ಲಾ ಯಲ್ಲಾ' ಎಂದು ಅವಸರಪಡಿಸುತ್ತಿದ್ದ. ಹುಳಿ ನೆನೆಸಿ ಸೋಸುವಷ್ಟು ವ್ಯವಧಾನ ನನಗಿರಲಿಲ್ಲ. ಒಂದು ಉಂಡೆ ಮುರಿದು ಹಾಗೇ ಒಳಗೆ ಎಸೆದು ಕ್ಲಾಂಪು ಬಿಗಿದೆ.

ತೆಗೆದಾಗ ಎಲ್ಲದರ ಬಾಯಲ್ಲೂ ಗಸಿ. ಸುಮಾರು ಖೋಖಾ ವಜ್ಜವಾಗಿದ್ದವು. ಒಂದನ್ನು ಕೈಯಲ್ಲಿ ಹಿಡಿದಾಗ ಸ್ವಲ್ಪ ಹೆಚ್ಚೇ ಭಾರ ಅನ್ನಿಸಿದ್ದು ನನಗೆ ಇವತ್ತಿಗೂ ನೆನಪಿದೆ. ಗಸಿ, ಅಂದುಕೊಂಡೆ. ಒಣಗಿದ ಮೇಲೆ ಕೆರೆದರಾಯಿತು ಎಂದು ತಟ್ಟೆಗೆ ಹಾಕಿದೆ.

ಕ್ಯಾಂಟೀನಿನವರು ಬಿಸಾಡಿದ ಒಂದು ಪಿಜ್ಜಾ ಓವನ್ನು ವರ್ಕ್‌ಶಾಪಿನಲ್ಲಿತ್ತು. ಬೇರಿಂಗು ಬಿಸಿ ಮಾಡಿ ಕೂರಿಸಲು ಉಸ್ತಾದರು ಇಟ್ಟುಕೊಂಡಿದ್ದರು. ಮ್ಯಾನೇಜರು ಅದರ ಕಡೆ ಬೊಟ್ಟು ಮಾಡಿದ.

"ಅದರಲ್ಲಿ ಇಡಿ ಮೇಡಂ. ಅರ್ಧ ಗಂಟೆ. ಖಲಾಸ್."

"ಉಸ್ತಾದರು ಬೇಡ ಅಂದಿದ್ದಾರೆ ಸರ್, ಗೋಡೆಯಲ್ಲೂ ಬರೆದಿದೆ."

"ಇಲ್ಲಿ ಮ್ಯಾನೇಜರು ಯಾರು? ನಿಮ್ಮ ಕಾಂಟ್ರ್ಯಾಕ್ಟು ಜನವರಿಗೆ ಮುಗಿಯುತ್ತದೆ, ಅಲ್ಲವಾ?" ನಕ್ಕುಕೊಂಡೇ ಕೇಳಿದ.

ತಟ್ಟೆ ಒಳಗಿಟ್ಟು ಸ್ವಿಚ್ಚು ಒತ್ತಿದ್ದು ನಾನು. ಇದೇ ಕೈ.

ಉಸ್ತಾದರು ಬಾಗಿಲಲ್ಲಿ ಕಾಣಿಸಿಕೊಂಡಾಗ ಓವನ್ನಿನ ಕೆಂಪು ದೀಪ ಉರಿಯುತ್ತಿತ್ತು. ಅವರು ಮೂಗು ಅರಳಿಸಿದರು. ಸುಟ್ಟ ಹುಳಿಯ ವಾಸನೆ.

"ಒಳಗೇನೈತಿ?"

"ಖೋಖಾ," ಎಂದೆ.

ಹುಬ್ಬು ಕೆಂಪಾಗುವುದಕ್ಕೂ ಸಮಯವಿರಲಿಲ್ಲ. ನನ್ನ ಭುಜಕ್ಕೆ ಕೈ ಹಾಕಿ ಎಸೆದರು. ತಳ್ಳಿದರು ಎನ್ನುವುದು ಸಾಲದು, ಗೋಣಿಚೀಲ ಎಸೆದಂತೆ ಎಸೆದರು. ಕಬ್ಬಿಣದ ಕಪಾಟಿಗೆ ಬಡಿದು ನನ್ನ ತುಟಿ ಸೀಳಿತು, ಭುಜದ ಕೀಲು ತಪ್ಪಿತು. ಅವರು ಓವನ್ನಿನ ಮುಂದೆ ಬಗ್ಗಿ ಪ್ಲಗ್ಗಿಗೆ ಕೈ ಚಾಚಿದಾಗ ಅದು ಸಿಡಿಯಿತು. ಒಂದೇ ಸದ್ದು. ಬಾಗಿಲಿನ ಗಾಜು, ಹಿತ್ತಾಳೆಯ ಚೂರು, ಬಿಸಿ ಖೋಖಾ ಕೋಣೆಯ ತುಂಬ ಹಾರಾಡಿ ತಗಡಿನ ಗೋಡೆಗೆ ಕಲ್ಲು ಎಸೆದ ಹಾಗೆ ಬಡಿದವು. ಹೊಗೆಯೊಳಗಿಂದ ಅವರು ಎದ್ದು ನಿಂತರು. ಬಲಗಣ್ಣಿದ್ದ ಜಾಗವನ್ನು ಅಂಗೈಯಿಂದ ಒತ್ತಿ ಹಿಡಿದಿದ್ದರು. ಬೆರಳ ಸಂದಿನಿಂದ ರಕ್ತ ಮೊಣಕೈವರೆಗೆ ಇಳಿದು ತೊಟ್ಟಿಕ್ಕುತ್ತಿತ್ತು.

"ಯಾರು ಹೇಳಿದ್ರು?" ಎಂದರು. ಕೂಗಲಿಲ್ಲ.

ಸದ್ದಿಗೆ ಓಡಿ ಬಂದ ಮ್ಯಾನೇಜರು ಬಾಗಿಲಲ್ಲಿ ನಿಂತಿದ್ದ. ಬಂದವನೇ, "ಏನು ಮಾಡಿಬಿಟ್ಟಿರಿ ಉಸ್ತಾದ್!" ಎಂದು ಅವರ ಮೇಲೇ ಎಗರಿದ. ನಾನು ಅವನ ಕಡೆ ಒಮ್ಮೆ ನೋಡಿದೆ ಅಷ್ಟೇ. ಅವರಿಗೆ ಅಷ್ಟು ಸಾಕಾಯಿತು.

ಆಮೇಲಿನದನ್ನು ಎರಡು ಮಾತಿನಲ್ಲಿ ಮುಗಿಸಲು ನೋಡುತ್ತೇನೆ, ಆಗುವುದಿಲ್ಲ. ಒಂದು ಕೈ ಕಣ್ಣಿನ ಮೇಲೆ, ಇನ್ನೊಂದು ಕೈಯಿಂದ ಅವನ ಟೈ ಹಿಡಿದು ಎಳೆದು ಮೊಣಕಾಲಿನಿಂದ ಮುಖಕ್ಕೆ ಗುದ್ದಿದರು. ಅವನು ಡ್ರಮ್ಮಿನ ಮೇಲೆ ಬಿದ್ದ, ಡ್ರಮ್ಮು ಉರುಳಿ ಒಡೆಯಿತು. ಕಪ್ಪು ನೀರಿನಲ್ಲಿ ಅವನ ತಲೆ ಅದುಮಿ ಹಿಡಿದು ಗುದ್ದಿದರು, ಮತ್ತೆ ಗುದ್ದಿದರು. "ನನ್ನ ಅಣ್ಣನ್ನ ಕೊಂದ್ರಿ! ನನ್ನ ಅಣ್ಣನ್ನ ಕೊಂದ್ರಿ!" ಎಂದು ಅರಚುತ್ತಿದ್ದರು. ಅವರನ್ನು ಹಿಂದಿನಿಂದ ಅಪ್ಪಿ ಹಿಡಿದು ಬಿಡಿಸಿದವನು ಬಿಹಾರದ ಆಳು. ಮೊದಲ ಸಲ ಒದೆ ತಿಂದ ಅವನ ಪಕ್ಕೆಲುಬಿಗೇ ಆ ಎಳೆದಾಟದಲ್ಲಿ ಮತ್ತೆ ಮೊಣಕೈ ಬಿತ್ತು, ಆದರೂ ಅವನು ಬಿಡಲಿಲ್ಲ. ನೆಲದಲ್ಲಿ ನಾವು ಕತ್ತರಿಸಿದ ಸ್ಟೀಲ್ ಕಡ್ಡಿಗಳ ನಡುವೆ ಮ್ಯಾನೇಜರನ ಎರಡು ಹಲ್ಲುಗಳು ಬಿದ್ದಿದ್ದವು.

ಪೋಲೀಸರು ಬಂದರು, ಆಂಬುಲೆನ್ಸು ಬಂತು. ಕೇಳಿದ ಮೊದಲ ಪ್ರಶ್ನೆ, ಓವನ್ನಿನಲ್ಲಿ ತಟ್ಟೆ ಇಟ್ಟವರು ಯಾರು? ನಾನು ಭುಜ ಹಿಡಿದುಕೊಂಡು ಬೆಂಚಿನ ಮೇಲೆ ಕುಳಿತಿದ್ದೆ. ಮ್ಯಾನೇಜರು ಬಾಯಿಗೆ ಬಟ್ಟೆ ಒತ್ತಿಕೊಂಡು ಉಸ್ತಾದರ ಕಡೆ ಕೈ ತೋರಿಸಿದ. ತಾನು ಕೊಟ್ಟ ಆಜ್ಞೆ ಹೊರಬೀಳದಿರಲು ಅವನಿಗೆ ಅದೇ ದಾರಿ. ನಾನು ಹೇಳಬೇಕಿತ್ತು. ನಾಲಿಗೆ ತುದಿಗೆ ಬಂದಿತ್ತು. ಕಿರಿಯವಳ ಯೂನಿಫಾರ್ಮು ಕಣ್ಣಿಗೆ ಕಟ್ಟಿತು.

ಸ್ಟ್ರೆಚರಿನ ಮೇಲಿದ್ದ ಉಸ್ತಾದರು ಉಳಿದೊಂದು ಕಣ್ಣಿನಿಂದ ನನ್ನನ್ನು ನೋಡಿದರು. ಎಷ್ಟು ಹೊತ್ತು ನೋಡಿದರೋ. ನಾನು ಮಾತಾಡುತ್ತೇನೆಂದು ಕಾದರು ಎಂದೇ ನನ್ನ ನಂಬಿಕೆ. ಆಮೇಲೆ ಹಿಂದಿಯಲ್ಲಿ ಪೋಲೀಸರಿಗೆ ಹೇಳಿದರು, "ನಾನೇ ಇಟ್ಟದ್ದು. ಮಷೀನು ನನ್ನದು, ತಟ್ಟೆ ನನ್ನದು." ಹೊಡೆದದ್ದು ಯಾರು ಎಂದಾಗ, "ಅದೂ ನಾನೇ," ಎಂದರು.

ನಾನು ಬರೆದುಕೊಟ್ಟಿದ್ದ ದೂರಿನ ಕಾಗದ ಫೈಲಿನಿಂದ ಹೊರಬಂತು. ಹಿಂಸೆಯ ಸ್ವಭಾವದವರು, ಕೆಳಗೆ ನನ್ನ ಸಹಿ. ಅವರಿಗೆ ಕೆಲವು ತಿಂಗಳು ಜೈಲಾಯಿತು, ಆಮೇಲೆ ಗಡೀಪಾರು. ಜನವರಿಯಲ್ಲಿ ನನ್ನ ಕಾಂಟ್ರ್ಯಾಕ್ಟು ಮುಂದುವರಿಯಿತು. ಮಕ್ಕಳು ಶಾಲೆ ಮುಗಿಸಿದರು. ಚಿನ್ನದಂತೆ ಹೊಳೆಯುವ ಆ ದಲ್ಲಾದ ಪಕ್ಕದಿಂದಲೇ ನಾನು ದಿನಾ ಒಳಗೆ ಹೋಗುತ್ತಿದ್ದೆ. ಜೈಲಿಗೆ ನಾನು ಒಂದು ಸಲವೂ ಹೋಗಲಿಲ್ಲ. ಹೋಗಿ ಬರುತ್ತಿದ್ದವನು ಬಿಹಾರದ ಆಳು ಎಂದು ನನಗೆ ತಡವಾಗಿ ತಿಳಿಯಿತು. ಅವರು ಊರು ಸೇರಿದ ಮೇಲೂ ಅವನು ಹಬ್ಬಹಬ್ಬಕ್ಕೆ ಫೋನು ಮಾಡುತ್ತಿದ್ದನಂತೆ. ಅಷ್ಟು ಏಟು ತಿಂದವನು!

ನಾಲ್ಕನೆಯ ವರ್ಷ, ಒಂದು ಬೆಳಿಗ್ಗೆ ಅವನು ಸ್ಟೋರಿನ ಕೌಂಟರಿಗೆ ಬಂದು ನಿಂತು ಅಳತೊಡಗಿದ. "ಉಸ್ತಾದ್ ಗುಜರ್ ಗಯೇ ಮೇಡಂ," ಎಂದ. ಎದೆನೋವು ಬಂದು, ಆಸ್ಪತ್ರೆ ಮುಟ್ಟುವ ಮೊದಲೇ. ಮನೆಯ ನಂಬರು ಅವನೇ ಕೊಟ್ಟ.

ಹನ್ನೆರಡು ದಿನ ನಂಬರನ್ನು ಪರ್ಸಿನಲ್ಲಿಟ್ಟುಕೊಂಡು ತಿರುಗಿದೆ. ಹದಿಮೂರನೆಯ ದಿನ ಊಟದ ಬಿಡುವಿನಲ್ಲಿ ಆ ವರ್ಕ್‌ಶಾಪಿನ ಹಿಂದೆಯೇ ನಿಂತು ಫೋನು ಮಾಡಿದೆ. ಅವರ ಹೆಂಡತಿ ಎತ್ತಿದರು. ನಾನು ಯಾರೆಂದು ಹೇಳಿದೆ. ಸಮಾಧಾನದ ಮಾತು ಆಡಲು ಹೋದವಳು ತಡೆಯಲಾರದೆ ಎಲ್ಲ ಒದರಿಬಿಟ್ಟೆ. ಹುಳಿ ಸೋಸದೆ ಹಾಕಿದ್ದು ನಾನು, ತಟ್ಟೆ ಇಟ್ಟದ್ದು ನಾನು, ಬಾಯಿ ಮುಚ್ಚಿಕೊಂಡದ್ದು ನಾನು.

"ಗೊತ್ತೈತ್ರಿ ಬಾಯಾರ," ಎಂದರು ಆ ತಾಯಿ. "ಬಂದ ದಿವಸಾನಽ ಎಲ್ಲಾ ಹೇಳಿದ್ರು."

"ನನ್ನನ್ನು ಕ್ಷಮಿಸಿದ್ರಾ ಅವರು?"



"ಸುಳ್ಳು ಯಾಕ ಹೇಳ್ಲಿ, ಇಲ್ರಿ. ನಿಮ್ಮ ಹೆಸರು ತಗದ್ರ ಅವರ ಹುಬ್ಬು ಕೆಂಪಾಕ್ಕಿತ್ತು. 'ಸಿಟ್ಟು ನಂದು, ನನ್ನ ಹಂತ್ಯಾಕಽ ಇರ್ಲಿ, ಅದನ್ನ ಪೋಲೀಸರ ಕೈಯಾಗ ಯಾಕ ಕೊಡ್ಲಿ? ಒಂದಿನ ಎದುರಿಗೆ ಬರ್ಲಿ ಆಕಿ, ಕಪಾಳಕ್ಕ ಒಂದು ಬಾರಸ್ತೇನಿ, ಅಲ್ಲಿಗೆ ಮುಗೀತು' ಅಂತಿದ್ರು. ಪ್ರತಿ ವರ್ಷ ಕೇಳವ್ರು, ಆ ಮಂಗಳೂರು ಬಾಯಾರು ಊರಿಗೆ ಬಂದ್ರಂತೇನು ಅಂತ."

ನಾನು ಪ್ರತಿ ವರ್ಷ ಊರಿಗೆ ಬರುತ್ತಿದ್ದೆ. ಮಂಗಳೂರಿನಿಂದ ಬೆಳಗಾವಿಗೆ ಒಂದು ರಾತ್ರಿಯ ಬಸ್ಸು. ಒಂದು ಸಲವೂ ಹತ್ತಲಿಲ್ಲ.

ಈಗ ಊರಲ್ಲೇ ಇದ್ದೇನೆ. ಹಬ್ಬಕ್ಕೆ ಮೊದಲು ಅಮ್ಮನ ಹಿತ್ತಾಳೆ ಕಂಬಗಳನ್ನು ತೊಳೆಯಲು ಹುಳಿ ನೆನೆಸಿ, ಕಿವುಚಿ, ಬಟ್ಟೆಯಲ್ಲಿ ಎರಡು ಸಲ ಸೋಸುತ್ತೇನೆ. ಕಂಬಕ್ಕೆ ಸೋಸುವ ಅಗತ್ಯವೇ ಇಲ್ಲ ಎಂದು ಮಕ್ಕಳು ನಗುತ್ತಾರೆ. ಸೋಸುವಾಗ ಒಮ್ಮೊಮ್ಮೆ ಎಡಕೆನ್ನೆ ಚುರುಗುಟ್ಟುತ್ತದೆ. ಆ ಏಟು ನನಗೆ ಬರಬೇಕಾದದ್ದು. ನಾಲ್ಕು ವರ್ಷ ಅವರು ಅದನ್ನು ನನಗಾಗಿ ಇಟ್ಟುಕೊಂಡು ಕಾದರು, ನಾನು ಹೋಗಿ ತೆಗೆದುಕೊಳ್ಳಲಿಲ್ಲ.